ಏನೂ ಗೊತ್ತಿಲ್ಲದ ಯಂತ್ರಕ್ಕೆ ಪರಿಷೆಯಲ್ಲಿ ಅಕ್ಷರಾಭ್ಯಾಸ

"ಪರದೆ ಇಲ್ಲ, ಆ್ಯಪ್ ಇಲ್ಲ, ಕ್ಯೂಆರ್ ಕೋಡೂ ಇಲ್ಲ. ಯಾರು ಬರ್ತಾರೆ ಇದಕ್ಕೆ?" ಜನ ಸ್ಲೇಟಿನ ಮೇಲೆ ಬರೆದ ಚಿತ್ರ ನೋಡಿ, ಅದರ ಹೆಸರನ್ನು ಅವರಿಂದಲೇ ಕಲಿಯುವ ಯಂತ್ರವೊಂದನ್ನು ಪರಿಷೆಯಲ್ಲಿ ಇಡುತ್ತೇನೆ ಅಂದಾಗ ನಮ್ಮ ಬಳಗದಲ್ಲೇ ಹೀಗೆ ಕೇಳಿದವರಿದ್ದರು. "ಸ್ಲೇಟು, ಬಳಪ ಇಟ್ಕೊಂಡು ಎಐ ಕಲೆ ಅಂತೀರಲ್ಲ ಸ್ವಾಮಿ" ಅಂತ ಒಬ್ಬರು ನಕ್ಕೂ ನಕ್ಕರು. ಕಳೆದ ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಅದೇ ಸ್ಲೇಟಿನ ಮುಂದೆ ರಾತ್ರಿ ಹನ್ನೊಂದಾದರೂ ಸಾಲು ಕರಗಿರಲಿಲ್ಲ. ನಕ್ಕವರೂ ಸಾಲಿನಲ್ಲಿ ನಿಂತಿದ್ದರು. ಹೆಸರು ಹೇಳಲ್ಲ, ಅವರಿಗೇ ಗೊತ್ತು.

ಇದಕ್ಕೆ ಮುಂಚೆ ಎರಡು ರೀತಿ ಮಾಡಿ ಕೈ ಸುಟ್ಟುಕೊಂಡಿದ್ದೆ. ಮೊದಲನೆಯದು ಮೈಕ್. ಜನ ಪ್ರಶ್ನೆ ಕೇಳಬೇಕು, ಯಂತ್ರ ಕನ್ನಡದಲ್ಲಿ ಉತ್ತರ ಹೇಳಬೇಕು. ಮನೆಯಲ್ಲಿ ಚೆನ್ನಾಗಿ ನಡೆಯಿತು. ರಸ್ತೆಗೆ ತಂದರೆ ಹಾರ್ನ್ ಸದ್ದಿಗೆ ಅರ್ಧ ಹೋಯಿತು, ನಮ್ಮ ಬೆಂಗಳೂರಿನ ಕಲಬೆರಕೆ ಕನ್ನಡಕ್ಕೆ ಇನ್ನರ್ಧ. ಅದಕ್ಕಿಂತ ಬೇಸರದ ಸಂಗತಿ ಬೇರೆ. ಯಂತ್ರ ಸರಿಯಾಗಿ ಉತ್ತರ ಹೇಳಿದಾಗಲೂ ಜನ "ಓ, ಸೂಪರ್" ಅಂದು ಹೊರಟುಬಿಡುತ್ತಿದ್ದರು. ಇಪ್ಪತ್ತು ಸಾವಿರದ ಮೇಲೆ ಹೋಯಿತು. ಎರಡನೆಯದು ಚರ್ಚ್ ಸ್ಟ್ರೀಟ್ ಹತ್ತಿರ ಗೋಡೆ ಮೇಲೆ ಪ್ರೊಜೆಕ್ಟರ್. ಎದುರಿಗೆ ನಿಂತವರ ಮುಖ ಚಿತ್ರವಾಗಿ ಬದಲಾಗುತ್ತಿತ್ತು. ಬಂದರು, ಸೆಲ್ಫಿ ತಗೊಂಡರು, ಹೋದರು. ಪ್ರೊಜೆಕ್ಟರ್ ಬಾಡಿಗೆಯೇ ರಾತ್ರಿಗೆ ಐದಾರು ಸಾವಿರ. ಮಳೆ ಬಂದ ದಿನದ ಬಾಡಿಗೆಯನ್ನೂ ಬಿಡಲಿಲ್ಲ.

ಅನುದಾನಕ್ಕೆ ಅರ್ಜಿ ಹಾಕಿದ್ದ ಕಡೆ "ಇದರಲ್ಲಿ ತಂತ್ರಜ್ಞಾನ ಕಡಿಮೆ" ಅಂತ ವಾಪಸ್ ಬಂತು. ಹಾಗಾಗಿ ಈ ಸಲದ್ದೆಲ್ಲ ಸ್ವಂತ ದುಡ್ಡು.

ದಾರಿ ಸಿಕ್ಕಿದ್ದು ಗೂಗಲ್‌ನ ಕ್ವಿಕ್ ಡ್ರಾನಲ್ಲಿ. 2016ರಲ್ಲಿ ಬಂದ ಆಟ, 20 ಸೆಕೆಂಡಿನಲ್ಲಿ ಗೀಚಬೇಕು, ಯಂತ್ರ ಊಹಿಸಬೇಕು. ಹಾಗೆ ಜನ ಗೀಚಿದ 5 ಕೋಟಿ ಚಿತ್ರಗಳನ್ನು 345 ಹೆಸರುಗಳ ಕೆಳಗೆ ಅವರು ಬಿಟ್ಟಿಯಾಗಿ ಕೊಟ್ಟಿದ್ದಾರೆ. ಅದರ ಮೇಲೆ ತಯಾರಾದ ಮಾಡೆಲ್ ಒಂದನ್ನು ಅಕ್ಕನ ಮಗಳ ಮುಂದಿಟ್ಟೆ. ಆ ಪಟ್ಟಿಯಲ್ಲಿ ಕಡಲೆಕಾಯಿ ಇದೆ, ಹಿಮದ ಗೊಂಬೆ ಇದೆ. ಆಟೋ ಇಲ್ಲ, ಇಡ್ಲಿ ಇಲ್ಲ. ಅವಳು ದೇವಸ್ಥಾನದ ಗೋಪುರ ಬರೆದಳು, ಅದು ಐಫೆಲ್ ಟವರ್ ಅಂದಿತು. ಹುಡುಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ದಡ್ಡ, ಬಾ ಇಲ್ಲಿ, ಹೇಳಿಕೊಡ್ತೀನಿ" ಅಂದಳು. ಆವತ್ತೇ ತೀರ್ಮಾನ ಮಾಡಿದೆ. ಆ 345 ಹೆಸರನ್ನೂ ಕಿತ್ತು ಹಾಕಬೇಕು. ಯಂತ್ರ ಖಾಲಿ ತಲೆಯಲ್ಲಿ ಪರಿಷೆಗೆ ಹೋಗಬೇಕು. ಬಂದವರೇ ಮೇಷ್ಟ್ರು.

ಒಳಗಿನ ಕೆಲಸ ಈ ಕ್ಷೇತ್ರದವರಿಗೆಲ್ಲ ಗೊತ್ತಿರುವಂಥದ್ದೇ. ಮೊಬೈಲ್‌ನೆಟ್‌ ಅನ್ನುವ, ಚಿತ್ರ ಗುರುತಿಸುವ ಸಿದ್ಧ ಮಾಡೆಲ್‌ನಿಂದ ಚಿತ್ರದ ಲಕ್ಷಣಗಳನ್ನು (ಫೀಚರ್) ತೆಗೆದು, ಅದರ ಮೇಲೆ ಕೆ-ನಿಯರೆಸ್ಟ್; ಅಂದರೆ ಕಲಿತ ಚಿತ್ರಗಳಲ್ಲಿ ಹೊಸದಕ್ಕೆ ತೀರ ಹತ್ತಿರದ 'ಕೆ' ಚಿತ್ರಗಳ ಹೆಸರು ನೋಡಿ ಊಹಿಸುವುದು. ಟ್ರೈನಿಂಗ್ ಅಂತ ಕಾಯಬೇಕಾಗಿಲ್ಲ, ಹೇಳಿಕೊಟ್ಟ ಮರುಕ್ಷಣವೇ ಕಲಿತಿರುತ್ತದೆ. ಕೆ ಎಷ್ಟು ಇಟ್ಟೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಕ್ಯಾಮೆರಾ ಕೋನವೂ ಅಷ್ಟೇ. ಅಂಗಡಿಗಳ ಎಲ್‌ಇಡಿ ಬಲ್ಬಿನ ಕೆಳಗೆ ಸ್ಲೇಟು ಹೊಳೆಯದ ಹಾಗೆ ಮಾಡೋಕೆ ನನಗೆ ಎರಡು ತಿಂಗಳು ಹಿಡಿಯಿತು.

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಯುಎಸ್‌ಬಿ ಕ್ಯಾಮೆರಾ, 58 ಮಿಲಿಮೀಟರ್ ಥರ್ಮಲ್ (ಶಾಖದಿಂದ ಅಚ್ಚೊತ್ತುವ) ಪ್ರಿಂಟರ್ ಎಲ್ಲ ಎಸ್.ಪಿ. ರೋಡ್‌ನಲ್ಲಿ ಹದಿನಾಲ್ಕು ಸಾವಿರದೊಳಗೆ ಬಂದವು. ಸ್ಲೇಟು, ಬಳಪ ಅವೆನ್ಯೂ ರಸ್ತೆಯದು. ಬಣ್ಣ ಬಳಿದ ಹೊಸ ಸ್ಲೇಟು ತಗೋಬೇಡಿ. ಕಲ್ಲಿನ ಸ್ಲೇಟನ್ನೇ ಹುಡುಕಿ, ಜಾಸ್ತಿ ದುಡ್ಡಾದರೂ ಪರವಾಗಿಲ್ಲ. ಬ್ಯಾಟರಿ, ಪೇಪರ್ ರೋಲು, ಊಟ, ಆಟೋ ಸೇರಿ ಒಟ್ಟು ಮೂವತ್ತೈದು ನಲವತ್ತು ಸಾವಿರ. ಜಾಗಕ್ಕೆ ಮಾತ್ರ ಖರ್ಚಿಲ್ಲ. ಪರಿಷೆಯ ದಾರಿಗೆ ಹೊಂದಿದ ಅಡ್ಡರಸ್ತೆಯಲ್ಲಿ ಸ್ನೇಹಿತರ ಮನೆ, ಅವರ ಕಾಂಪೌಂಡ್ ಒಳಗೇ ಮೇಜು ಹಾಕಿದೆ.

ಪ್ರಿಂಟರ್ ಕಾಡಿದಷ್ಟು ಯಾವುದೂ ಕಾಡಲಿಲ್ಲ. ಈ ಅಗ್ಗದ ಪ್ರಿಂಟರಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಚಿತ್ರ ಮಾಡಿಯೇ ಕಳಿಸಬೇಕು. ಅಗಲ 384 ಚುಕ್ಕಿ. ಚಿತ್ರ ಮಾಡುವ ಪಿಲ್ಲೋ ಸಾಫ್ಟ್‌ವೇರಿನಲ್ಲಿ, ಅಕ್ಷರ ಜೋಡಿಸುವ ರಾಕ್ಮ್ ಇಲ್ಲದೆ ಬರೆಸಿದರೆ ಒತ್ತಕ್ಷರವೆಲ್ಲ ಬಿಡಿಬಿಡಿ. 'ಚಕ್ಕುಲಿ' ಅಂತ ಹಾಕಿದರೆ ಕ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಕರೆಂಟಿನ ತಕರಾರು. ಪ್ರಿಂಟರ್ ಬಿಸಿಯಾಗುವಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ, ವೋಲ್ಟೇಜ್ ಬಿದ್ದು ಪೈ ರೀಸ್ಟಾರ್ಟ್ ಆಗುತ್ತದೆ. ಪೂರ್ವಭಾವಿಯಾಗಿ ಶನಿವಾರ ಸಂಜೆ ಇಟ್ಟಾಗ ನೂರರ ಹತ್ತಿರ ಚಿತ್ರ ಕಲಿತಿದ್ದು ಪೂರ್ತಿ ಮರೆತುಹೋಯಿತು. ಪ್ರಿಂಟರಿಗೆ ಬೇರೆಯೇ ಬ್ಯಾಟರಿ ಕೊಡಿ, ಕಲಿತದ್ದನ್ನು ಪ್ರತಿ ಸಲವೂ ಕಾರ್ಡಿಗೆ ಬರೆಸಿ.

ಇನ್ನು ನಡೆದದ್ದು. ನೀವು ಸ್ಲೇಟಿನ ಮೇಲೆ ಬರೆಯುತ್ತೀರಿ. ಯಂತ್ರ ಊಹಿಸಿ ಹೇಳುತ್ತದೆ. ತಪ್ಪಾದರೆ ಹೆಸರು ಹೇಳಿಕೊಡುತ್ತೀರಿ, ಪಕ್ಕದಲ್ಲಿ ಕೂತ ಕಾಲೇಜು ಹುಡುಗಿ ಟೈಪ್ ಮಾಡುತ್ತಾಳೆ. ಚೀಟಿ ಬರುತ್ತದೆ: ನಿಮ್ಮ ಚಿತ್ರ, ಅದರ ಊಹೆ. ತಪ್ಪಿದ್ದರೆ ನೀವೇ ಪೆನ್ನಿನಲ್ಲಿ ಹೊಡೆದು ಹಾಕಿ, ಹಗ್ಗಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಟೈಪಿಸ್ಟ್ ಇಟ್ಟಿದ್ದಕ್ಕೂ ಟೀಕೆ ಬಂತು, "ಮತ್ತೆ ಎಐ ಎಲ್ಲಿ ಬಂತು?" ಅಂತ. ಇಮೇಜ್‌ನೆಟ್‌ ಅನ್ನುವ, ಯಂತ್ರಗಳಿಗೆ ಚಿತ್ರ ಗುರುತಿಸಲು ಕಲಿಸುವ ಸಂಗ್ರಹದ 1.4 ಕೋಟಿ ಚಿತ್ರಗಳಿಗೆ ಹೆಸರು ಹಾಕಿದ್ದೂ ಕೂಲಿಗೆ ಕೂತ ಮನುಷ್ಯರೇ ಅಲ್ವಾ? ಅವರು ಯಾರಿಗೂ ಕಾಣಲಿಲ್ಲ. ನಮ್ಮವಳು ಎಲ್ಲರಿಗೂ ಕಾಣುವ ಹಾಗೆ ಕೂತಿದ್ದಳು, ದಿನಕ್ಕೆ ಎಂಟುನೂರು ರೂಪಾಯಿ ಮತ್ತು ಊಟ.

ಧ್ವನಿಗೆ ಇಸ್ಪೀಕ್ ಹಾಕಿದ್ದೆ, ಮೂಗಿನಲ್ಲಿ ಮಾತಾಡುವ ಹಳೇ ಸಿಂಥಸೈಜರ್. ಒಳ್ಳೆಯ ಧ್ವನಿ ಹಾಕಿ ನೋಡಿದಾಗ ಜನ "ರೆಕಾರ್ಡಿಂಗ್ ಇದು" ಅಂತ ಅನುಮಾನಪಟ್ಟಿದ್ದರು. ಈ ಕೆಟ್ಟ ಧ್ವನಿ "ನಂಗೊತ್ತಿಲ್ಲ, ಹೇಳಿಕೊಡಿ" ಅಂದರೆ ಸಾಕು, ನಗುತ್ತಾ ಬಳಪ ಹಿಡಿಯುತ್ತಿದ್ದರು.

ಮಾಗಡಿ ಕಡೆಯಿಂದ ಕಾಯಿ ತಂದು ರಾಶಿ ಹಾಕಿದ್ದ ಒಬ್ಬ ಅಜ್ಜಿ ಮಧ್ಯಾಹ್ನವೇ ಬಂದರು. ಸ್ಲೇಟು ತಗೊಂಡವರೇ ಎಂಜಲು ಹಚ್ಚಿ ಸೆರಗಿನಲ್ಲಿ ಒರೆಸಿದರು. ಅಲ್ಲೇ ನನಗೆ ಹೊಸ ಸಮಸ್ಯೆ: ಒದ್ದೆ ಸ್ಲೇಟಿನಲ್ಲಿ ಹಳೇ ಗೆರೆ ಕ್ಯಾಮೆರಾಕ್ಕೆ ಇನ್ನೂ ಕಾಣುತ್ತಿತ್ತು. ಆಮೇಲೆ ಒದ್ದೆ ಬಟ್ಟೆ, ಒಣ ಬಟ್ಟೆ ಎರಡೂ ಇಟ್ಟೆ. ಅಜ್ಜಿ ಕಡಲೆಕಾಯಿ ಬರೆದರು. ಅಷ್ಟರಲ್ಲಿ ಯಾರೋ ಮಗು ಅಂಕಿ ಕಲಿಸಿ ಹೋಗಿತ್ತು, ಯಂತ್ರ "ಎಂಟು" ಅಂದಿತು. ಅಜ್ಜಿ ನನ್ನನ್ನು ನೋಡಿ, "ಏನಪ್ಪಾ, ಪರಿಷೇಲಿ ಕಾಯಿ ಗೊತ್ತಿಲ್ವಾ ಇದಕ್ಕೆ? ಒಂದು ಬೀಜದ್ದು, ಎರಡು ಬೀಜದ್ದು, ಮೂರು ಬೀಜದ್ದು, ಎಲ್ಲ ಬರೀತೀನಿ ಇರು" ಅಂತ ಕೂತೇಬಿಟ್ಟರು. ಸಿಪ್ಪೆಯ ಗೆರೆಗಳನ್ನೂ ಬಿಡದೆ ಹಾಕಿದರು. ಆ ಗೆರೆ ನೋಡಿದ ಮೇಲೆ ಯಂತ್ರ ಅವರ ಕಾಯಿಯನ್ನು ಎಂಟಿನ ಜೊತೆ ಬೆರೆಸಲಿಲ್ಲ.

ಸಂಜೆ ಹುಡುಗರ ಗುಂಪೊಂದು ಬಂತು. ಯಾವ ಗುಂಡಗಿನ ಚಿತ್ರ ಬರೆದರೂ 'ಮಂಜನ ತಲೆ' ಅಂತಲೇ ಕಲಿಸಿದರು. ಮಂಜ ಪಕ್ಕದಲ್ಲೇ ಹಲ್ಲು ಕಿರಿಯುತ್ತಾ ನಿಂತಿದ್ದ. ನಾನು ತಡೆಯಲಿಲ್ಲ. ಆಮೇಲೆ ಬಂದ ಆಂಟಿ ಒಬ್ಬರು ಆಸೆಯಿಂದ ಒಬ್ಬಟ್ಟು ಬರೆದರು. "ಮಂಜನ ತಲೆ" ಅಂದಿತು. ಅವರಿಗೆ ಸಿಟ್ಟು. "ಯಾರ್ರೀ ಹೇಳಿಕೊಟ್ಟಿದ್ದು ಇದಕ್ಕೆ?" ಹುಡುಗರು ಹತ್ತು ಹೆಜ್ಜೆ ದೂರದಲ್ಲೇ ಇದ್ದರು, ಸಿಕ್ಕಿಬಿದ್ದರು. ಆಂಟಿ ಮನೆಯವರನ್ನೆಲ್ಲ ಕರೆದು ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬರೆಸಿ ಮಂಜನನ್ನು ಸೋಲಿಸಿದರು. ಡೇಟಾ ಪಾಯ್ಸನಿಂಗ್ (ಬೇಕೆಂದೇ ತಪ್ಪು ಕಲಿಸಿ ಯಂತ್ರವನ್ನು ಕೆಡಿಸುವುದು) ಅಂದರೇನು ಅಂತ ಸೆಮಿನಾರ್ ಕೊಟ್ಟಿದ್ದರೆ ಇಷ್ಟು ಜನಕ್ಕೆ ಅರ್ಥವಾಗುತ್ತಿತ್ತಾ? ಸುರುಳಿ ಬರೆದಾಗ ಚಕ್ಕುಲಿಯೋ, ಜಿಲೇಬಿಯೋ, ಸೊಳ್ಳೆ ಬತ್ತಿಯೋ ಅನ್ನುವ ಜಗಳ ಮಾತ್ರ ಕೊನೆಗೂ ತೀರಲಿಲ್ಲ. ರಾತ್ರಿ ಒಂಬತ್ತರ ತನಕ ಸೊಳ್ಳೆ ಬತ್ತಿಯೇ ಮುಂದಿತ್ತು.

ನಿವೃತ್ತ ಮೇಷ್ಟ್ರೊಬ್ಬರು ಮೇಜಿನ ಬಟ್ಟೆ ಎತ್ತಿ ಕೆಳಗೆ ಬಗ್ಗಿ ನೋಡಿದರು. "ಒಳಗೆ ಯಾರಾದರೂ ಕೂತಿದ್ದಾರೇನೋ ಅಂತ." ನನಗೆ ಖುಷಿಯಾಯಿತು. 1770ರಲ್ಲಿ ಕೆಂಪೆಲನ್ ಅನ್ನುವವನು ಚದುರಂಗ ಆಡುವ ಗೊಂಬೆ ಮಾಡಿ ಯೂರೋಪಿನವರನ್ನೆಲ್ಲ ಬೆರಗುಗೊಳಿಸಿದ್ದು, ಅದರ ಪೆಟ್ಟಿಗೆಯೊಳಗೆ ನಿಜಕ್ಕೂ ಆಟಗಾರ ಅಡಗಿ ಕೂತಿರುತ್ತಿದ್ದದ್ದು, ಎಲ್ಲ ಹೇಳಿದೆ. ಇಮೇಜ್‌ನೆಟ್ ಕೂಲಿ ಕೆಲಸ ನಡೆದ ಅಮೆಜಾನ್ ಸೇವೆಯ ಹೆಸರೂ ('ಮೆಕ್ಯಾನಿಕಲ್ ಟರ್ಕ್') ಆ ಗೊಂಬೆಯದೇ ಅಂದಾಗ ಅವರು ಹಗ್ಗದ ಚೀಟಿಗಳನ್ನು ಒಂದೊಂದೇ ಓದುತ್ತಾ ಅರ್ಧ ಗಂಟೆ ನಿಂತರು. ಕೊನೆಗೆ ಯಾರೋ ಬರೆಸಿದ್ದ 'ಹೋಳಿಗೇ' ತಿದ್ದಿ 'ಹೋಳಿಗೆ' ಮಾಡಿ ಹೋದರು.

ನಡುವೆ ರಂಗೋಲಿಯ ಹುಚ್ಚೂ ಹತ್ತಿತ್ತು. ಮಲ್ಲೇಶ್ವರದಲ್ಲಿ ಒಂದು ಮನೆಯ ಮುಂದೆ ಮೇಲಿಂದ ಕ್ಯಾಮೆರಾ ಕಟ್ಟಿ, ಚುಕ್ಕಿ ಇಟ್ಟರೆ ಯಂತ್ರ ಗೆರೆ ಸೂಚಿಸಬೇಕು ಅಂತ. ಗೆರೆ ಚುಕ್ಕಿ ಬಿಟ್ಟು ಚರಂಡಿ ಕಡೆ ಹೋಗುತ್ತಿತ್ತು. ಮನೆಯಾಕೆ ಅದು ಸೂಚಿಸುವ ಮೊದಲೇ ಮುಗಿಸಿ ಒಳಗೆ ಹೋಗಿರುತ್ತಿದ್ದರು. ಸದ್ಯಕ್ಕೆ ಕಟ್ಟಿಟ್ಟಿದ್ದೇನೆ.

ಪರಿಷೆಯಲ್ಲಿ ಯಂತ್ರ ಒಟ್ಟು ಸಾವಿರದ ಎಂಟುನೂರೋ ಒಂಬೈನೂರೋ ಚಿತ್ರ ಕಲಿಯಿತು. ಹುಂಡಿಯಲ್ಲಿ ನಾಲ್ಕು ಸಾವಿರ ಚಿಲ್ಲರೆ, ಮೇಲೆ ಐದಾರು ಸೇರು ಕಾಯಿ. ಕಂಪನಿಯೊಂದರವರು ಚಿತ್ರಗಳನ್ನೆಲ್ಲ ಕೊಡಿ ಅಂದರು, ರೇಟೂ ಕೇಳಿದರು. ಬರೆದವರನ್ನು ಕೇಳದೆ ಹೇಗೆ ಕೊಡಲಿ? ಮುಂದಿನ ಸಲ ಚೀಟಿಯ ಕೆಳಗೆ ಒಂದು ಚೌಕ ಇಡುತ್ತೇನೆ, ಕೊಡಬಹುದು ಅನ್ನುವವರು ಟಿಕ್ ಹಾಕಲಿ.

ಮಾಡಿ ನೋಡುವವರಿಗೆ ಇನ್ನೊಂದು ಮಾತು. ಥರ್ಮಲ್ ಚೀಟಿಯನ್ನು ಬಿಸಿಲಿಗೆ ಕಟ್ಟಬೇಡಿ. ನನ್ನದು ಎರಡನೇ ದಿನಕ್ಕೇ ಮಸುಕಾಗಲು ಶುರುವಾಯಿತು, ಬೋಂಡಾ ಒಲೆ ಪಕ್ಕದ ಹಗ್ಗದಲ್ಲಿದ್ದವು ಪೂರ್ತಿ ಕಪ್ಪಾದವು. ಪೆನ್ನಿನಲ್ಲಿ ತಿದ್ದಿದ ಹೆಸರುಗಳು ಮಾತ್ರ ಉಳಿದಿವೆ. ನೆರಳಿನ ಗೋಡೆ ಹುಡುಕಿ, ರೋಲು ಎರಡು ಡಜನ್ ಜಾಸ್ತಿಯೇ ಇಟ್ಟುಕೊಳ್ಳಿ.