ಬ್ರಾತ್ ಕಲ್ಚರ್ ಟ್ಯೂಬ್ ಒಡೆದರೆ ಏನು ಮಾಡಬೇಕು

ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಈ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆಸಿದ ಟ್ಯೂಬ್ ಕೈಜಾರಿ ಒಡೆಯಿತು ಅನ್ನಿ. ಥಟ್ಟನೆ ಬಟ್ಟೆ ತಂದು ಒರೆಸಲು ಹೋಗಬೇಡಿ. ಒರೆಸಿದರೆ ಬ್ಯಾಕ್ಟೀರಿಯಾ ಇನ್ನಷ್ಟು ಜಾಗಕ್ಕೆ ಹರಡುತ್ತದೆ, ಗಾಜಿನ ಚೂರು ಗ್ಲೌಸನ್ನೂ ಸೀಳುತ್ತದೆ.

ಬರ್ನರ್ ಆರಿಸಿ, ಅಕ್ಕಪಕ್ಕದವರನ್ನು ಸರಿಸಿ, ಶಿಕ್ಷಕರಿಗೆ ಹೇಳಿ. ಬಟ್ಟೆ, ಚಪ್ಪಲಿಗೆ ಸಿಡಿದಿದೆಯೇ ನೋಡಿಕೊಳ್ಳಿ. ಗ್ಲೌಸ್, ಏಪ್ರನ್, ಕನ್ನಡಕ ಹಾಕಿಕೊಂಡು ಚೆಲ್ಲಿದ ಜಾಗಕ್ಕೆ ಟಿಶ್ಯೂ ಪೇಪರ್ ಹೊದಿಸಿ. ಅದರ ಮೇಲೆ ಬ್ಲೀಚ್ ದ್ರಾವಣವನ್ನು ಅಂಚಿನಿಂದ ನಡುವಿಗೆ ನಿಧಾನವಾಗಿ ಸುರಿಯಿರಿ. ಎತ್ತರದಿಂದ ಸುರಿದರೆ ಹನಿ ಸಿಡಿಯುತ್ತದೆ.

ದ್ರಾವಣದ ಲೆಕ್ಕ ಸುಲಭ: 5% ಸೋಡಿಯಂ ಹೈಪೋಕ್ಲೋರೈಟ್ (ಅಂದರೆ ಬ್ಲೀಚ್) 100 ಮಿ.ಲೀ., ನೀರು 900 ಮಿ.ಲೀ. ಸಿಗುವುದು 0.5%. ಇದನ್ನು ಅಂದಂದೇ ಮಾಡಿಕೊಳ್ಳಬೇಕು. ಕಪಾಟಿನಲ್ಲಿ ವಾರಗಟ್ಟಲೆ ಕೂತ ಬಾಟಲಿಯಲ್ಲಿ ವಾಸನೆ ಇರಬಹುದು, ಕಸುವು ಇರುವುದಿಲ್ಲ. ಆಸಿಡ್, ಅಮೋನಿಯಾ ಯಾವುದನ್ನೂ ಇದಕ್ಕೆ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಈಗ 20ರಿಂದ 30 ನಿಮಿಷ ಕಾಯಿರಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಬ್ರಾತ್‌ನಲ್ಲಿರುವ ಪ್ರೋಟೀನ್ ಕ್ಲೋರಿನ್ನಿನ ಒಂದು ಭಾಗವನ್ನು ನುಂಗಿಬಿಡುತ್ತದೆ, ಹಾಗಾಗಿ ಎರಡು ನಿಮಿಷ ಯಾತಕ್ಕೂ ಸಾಲದು.

ಗಾಜನ್ನು ಚಿಮುಟದಲ್ಲೇ ಎತ್ತಿ ಚುಚ್ಚಿದರೂ ತೂತಾಗದ ಡಬ್ಬಿಗೆ ಹಾಕಿ. ಬ್ಲೀಚ್‌ನಲ್ಲಿ ನೆನೆದ ಪೇಪರ್ ಅನ್ನು ಮಾತ್ರ ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹಾಕಬೇಡಿ: ಕ್ಲೋರಿನ್ ಅನಿಲ ಬರುತ್ತದೆ, ಯಂತ್ರವೂ ತುಕ್ಕು ಹಿಡಿಯುತ್ತದೆ. ಜಾಗವನ್ನು ಇನ್ನೊಮ್ಮೆ ಬ್ಲೀಚ್‌ನಿಂದ, ಆಮೇಲೆ ನೀರಿನಿಂದ ಒರೆಸಿ. ಗ್ಲೌಸ್ ತೆಗೆದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸ್ಯಾನಿಟೈಸರ್ ಅದರ ಬದಲಿಗಲ್ಲ.