ಹಳೆಯ ಸ್ಕಾಟ್ಸ್, ಇಂಗ್ಲಿಷ್ ಸಂವಾದ ಪದ್ಯ ಓದೋಕೆ ಇಬ್ಬರು ಬೇಕು

ನಾನು ಶುರು ಮಾಡಿದ್ದೇ ತಪ್ಪು ಕಡೆಯಿಂದ. ಎರಡು ಹಕ್ಕಿಗಳು ವಾದಕ್ಕೆ ಬೀಳುವ ‘ಗೂಬೆ ಮತ್ತು ನೈಟಿಂಗೇಲ್’ ಪದ್ಯ ಹಿಡಿದುಕೊಂಡು ಕೂತೆ, 1794 ಸಾಲು, ಹನ್ನೆರಡು ಹದಿಮೂರನೇ ಶತಮಾನದ ಇಂಗ್ಲಿಷ್. ಮೂರನೇ ಪುಟದಲ್ಲಿ ಯಾವ ಹಕ್ಕಿ ಮಾತಾಡ್ತಿದೆ ಅನ್ನೋದೇ ತಪ್ಪಿಹೋಯಿತು.

ನೀವು ‘ಲಾರ್ಡ್ ರ‍್ಯಾಂಡಲ್’ನಿಂದ ಶುರು ಮಾಡಿ. ಪುಟ್ಟ ಲಾವಣಿ, ಎರಡೇ ದನಿ. ತಾಯಿ ಕೇಳುತ್ತಾಳೆ, ಮಗ ಹೇಳುತ್ತಾನೆ. ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಿ, ಒಬ್ಬರು ತಾಯಿ, ಇನ್ನೊಬ್ಬರು ಮಗ, ಗಟ್ಟಿಯಾಗಿ ಓದಿ. ಎಲ್ಲಿಗೆ ಹೋಗಿದ್ದೆ, ಊಟ ಎಲ್ಲಿ, ಏನು ತಿಂದೆ, ನಾಯಿಗಳೇನಾದವು ಅಂತ ಅವಳು ಒಂದೊಂದಾಗಿ ಕೇಳುತ್ತಾಳೆ. ಪ್ರತಿ ಸಲವೂ ಅವನದು ಒಂದೇ ಕೊನೆ: ಅಮ್ಮಾ, ಬೇಗ ಹಾಸಿಗೆ ಹಾಸು, ಬೇಟೆಯಾಡಿ ಸುಸ್ತಾಗಿದೆ. ಈ ಸಾಲು ಬೋರು ಅಂತ ಹಾರಿಸಬೇಡಿ, ಬೆರಳಿಟ್ಟುಕೊಂಡೇ ಓದಿ. ಕೊನೆಗೆ ‘ಬೇಟೆಯಾಡಿ ಸುಸ್ತು’ ಹೋಗಿ ‘ಎದೆಯಲ್ಲಿ ಸಂಕಟ’ ಬಂದಿರುತ್ತದೆ. ನಲ್ಲೆ ಬಡಿಸಿದ ಹಾವುಮೀನಿನ ಊಟದಲ್ಲಿ ವಿಷ ಇತ್ತು. ಇದನ್ನು ಕಥೆ ಮಾಡಿ ಹೇಳೋಕೆ ಮೂರನೆಯವರು ಯಾರೂ ಇಲ್ಲ ನೋಡಿ, ಎಲ್ಲ ಅವರಿಬ್ಬರ ಬಾಯಲ್ಲೇ ಬರಬೇಕು.

ಆಮೇಲೆ ‘ಎಡ್ವರ್ಡ್’. ಹಳೆಯ ಲಾವಣಿಗಳನ್ನು ಸಂಗ್ರಹಿಸಿದ ಥಾಮಸ್ ಪರ್ಸಿ 1765ರಲ್ಲಿ ಅಚ್ಚು ಹಾಕಿಸಿದ ರೂಪವನ್ನೇ ಓದಿ. ಕತ್ತಿಯಲ್ಲಿ ರಕ್ತ ಯಾಕೆ ಅಂತ ತಾಯಿ ಕೇಳಿದರೆ ಮಗ ಮೊದಲು ಗಿಡುಗ ಕೊಂದೆ ಅನ್ನುತ್ತಾನೆ, ಆಮೇಲೆ ಕುದುರೆ, ಕೊನೆಗೆ ಅಪ್ಪ. ಮುಗಿಯುವ ಹೊತ್ತಿಗೆ ತಾಯಿಗೇ ಶಾಪ ಹಾಕುತ್ತಾನೆ, ಯಾಕಂದ್ರೆ ಕೊಲೆಗೆ ಸಲಹೆ ಕೊಟ್ಟವಳು ಅವಳೇ. ತಕ್ಷಣ ಮೊದಲಿನಿಂದ ಇನ್ನೊಮ್ಮೆ ಓದಿ. ಈ ಸಲ ಅವಳ ಪ್ರಶ್ನೆಗಳೆಲ್ಲ ನಾಟಕದ ಹಾಗೆ ಕೇಳಿಸುತ್ತವೆ, ಅಲ್ವಾ?

ಮೂರನೆಯದು ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ ಊರಿನ ಕವಿ ರಾಬರ್ಟ್ ಹೆನ್ರಿಸನ್ ಹದಿನೈದನೇ ಶತಮಾನದಲ್ಲಿ ಬರೆದ ‘ರಾಬಿನ್ ಮತ್ತು ಮಾಕಿನ್’. ಇಲ್ಲಿಂದ ಸ್ಕಾಟ್ಸ್, ಅಂದರೆ ಸ್ಕಾಟ್ಲೆಂಡಿನ ಭಾಷೆಯ, ಹಳೆಯ ಕಾಗುಣಿತದ ಕಾಟ ಜಾಸ್ತಿ. ಎರಡು ಗುಟ್ಟು ಗೊತ್ತಿದ್ದರೆ ಅರ್ಧ ದಾಟಿದಂತೆ: ಪದದ ಮೊದಲಲ್ಲಿ ಕ್ಯೂ-ಯು-ಎಚ್ ಕಂಡರೆ ಇಂದಿನ ಡಬ್ಲ್ಯೂ-ಎಚ್ ಅಂತ ಓದಿ, ‘ನೋಖ್ಟ್’ ಅಂದರೆ ‘ನಾಟ್’. ಮಾಕಿನ್ ಪ್ರೀತಿಸು ಅಂತ ಗೋಗರೆಯುತ್ತಾಳೆ, ರಾಬಿನ್‌ಗೆ ಕುರಿಗಳದೇ ಚಿಂತೆ. ಮುಂದೆ ಅವನೇ ಬಂದು ಬೇಡುವಾಗ ಅವಳು ಒಲ್ಲೆ ಅನ್ನುತ್ತಾಳೆ: ಸಿಕ್ಕಾಗ ಬೇಡ ಅಂದವನಿಗೆ ಬೇಕಾದಾಗ ಸಿಗಲ್ಲ. ಅರ್ಧಕ್ಕೆ ಬಂದಾಗ ಪಾತ್ರ ಅದಲು ಬದಲು ಮಾಡಿಕೊಂಡು ಓದಿದರೆ ಮಜಾ ಬರುತ್ತದೆ.

ಹಸ್ತಪ್ರತಿಗಳಲ್ಲಿ ಇಂದಿನಂಥ ಉದ್ಧರಣ ಚಿಹ್ನೆ ಇರುತ್ತಿರಲಿಲ್ಲ. ಈಗ ಅಚ್ಚಿನಲ್ಲಿ ಕಾಣುವುದು ಸಂಪಾದಕರು ಹಾಕಿದ್ದು. ಅನುಮಾನ ಬಂದರೆ ಚಿಹ್ನೆ ಮರೆತು, ಯಾರು ಯಾರನ್ನು ಹೆಸರು ಹಿಡಿದು ಕರೆಯುತ್ತಿದ್ದಾರೆ ನೋಡಿ.

ಡನ್‌ಬಾರ್, ಕೆನಡಿ ಅನ್ನೋ ಇಬ್ಬರು ಸ್ಕಾಟಿಷ್ ಕವಿಗಳು ಪದ್ಯದಲ್ಲೇ ಮಾಡಿಕೊಂಡ ಬೈದಾಟವನ್ನು ಸದ್ಯಕ್ಕೆ ಬಿಡಿ. ಬೈಗುಳ ಭರ್ಜರಿ, ಆದರೆ ಪದಕೋಶ ಕೈಬಿಡೋ ಹಾಗಿಲ್ಲ.

ಈಗ ಗೂಬೆಗೆ ಬನ್ನಿ. ಕೋರ್ಟು ಕೇಸಿನ ಹಾಗೆ ಓದಿ, ದಿನಕ್ಕೆ ಒಂದು ಆರೋಪ, ಒಂದು ಉತ್ತರ, ಸಾಕು. ಕೊನೆಗೆ ಎರಡೂ ಹಕ್ಕಿ ಗಿಲ್ಡ್‌ಫರ್ಡ್‌ನ ನಿಕೋಲಸ್ ಹತ್ತಿರ ನ್ಯಾಯ ಕೇಳೋಕೆ ಅವನಿರುವ ಪೋರ್ಟೆಶಮ್ ಊರಿಗೆ ಹಾರುತ್ತವೆ, ತೀರ್ಪು ಏನಾಯಿತು ಅಂತ ಕವಿ ಹೇಳುವುದೇ ಇಲ್ಲ. ಗೂಬೆಯ ಭಾಗ ಓದಿದ ನನ್ನ ತಂಗಿ ಮಾತ್ರ ಕೇಸು ಗೆದ್ದಿದ್ದು ತಾನೇ ಅಂತ ಇವತ್ತಿಗೂ ಜಗಳಕ್ಕೆ ಬರುತ್ತಾಳೆ.