ಹಳೆಯ ಮಾರುತಿ 800ಕ್ಕೆ ಘಟ್ಟ ಹತ್ತುವ ಕಸುವು: ಎಂಜಿನ್, ಸೈಲೆನ್ಸರ್ ಕೆಲಸ ಹೀಗೆ ಮಾಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಷ್ಟೋ ಮನೆಗಳ ಅಂಗಳದಲ್ಲಿ ಇವತ್ತಿಗೂ ಮಾರುತಿ 800 ನಿಂತಿರುತ್ತದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಕಾರು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಆದರೂ ತೋಟದ ಮಣ್ಣುದಾರಿಗೆ ಇಷ್ಟು ಹಗುರವಾದ, ಯಾವ ಊರಿನ ಗ್ಯಾರೇಜಿನಲ್ಲೂ ರಿಪೇರಿಯಾಗುವ ಗಾಡಿ ಇನ್ನೊಂದಿಲ್ಲ. ಬೇಸರವೆಂದರೆ, ಅಪ್ಪನ ಕಾಲದ ಈ ಕಾರು ಕೈಗೆ ಬಂದ ಹುಡುಗರಲ್ಲಿ ಹೆಚ್ಚಿನವರು ಮೊದಲು ಹೋಗುವುದು ವೆಲ್ಡಿಂಗ್ ಶಾಪಿಗೆ. ಸೈಲೆನ್ಸರ್ ಕತ್ತರಿಸಿ ದಪ್ಪ ಪೈಪ್ ಹಾಕಿಸುತ್ತಾರೆ. ಸದ್ದು ಜೋರಾಗುತ್ತದೆ, ಪಿಕಪ್ ಬಂತು ಎಂದು ಅನಿಸುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ಮೊದಲು ಸೆಕೆಂಡ್ ಗೇರಿನಲ್ಲಿ ಹೋಗುತ್ತಿದ್ದ ತಿರುವಿಗೆ ಈಗ ಫಸ್ಟ್ ಗೇರ್ ಬೇಕಾಗುತ್ತದೆ. ಈ ಕೆಲಸದಲ್ಲಿ ಕೆಡುವುದೆಲ್ಲ ಕ್ರಮ ತಪ್ಪಿದ್ದರಿಂದ. ಮೊದಲು ಎಂಜಿನ್, ಆಮೇಲೆ ಪೆಟ್ರೋಲ್, ಕೊನೆಗೆ ಸೈಲೆನ್ಸರ್.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಹೇಳುವ ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗಾಗಿ ಬೇರೆ ಎಂಜಿನ್ ಕೂರಿಸುವುದು, ಸದ್ದು ತಗ್ಗಿಸುವ ಡಬ್ಬಿ ಮಫ್ಲರ್ ಕಿತ್ತು ನೇರ ಪೈಪ್ ಬಿಡುವುದು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಮಾರುವುದು, ಈ ಮೂರನ್ನೂ ಮರೆತುಬಿಡಿ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ಹೇಗೂ ನಿಲ್ಲಬೇಕು. ಇಲ್ಲಿ ಹೇಳುತ್ತಿರುವುದು ಮೂಲ ಎಂಜಿನ್‌ನಿಂದ ಸೋರಿಹೋದ ಕಸುವನ್ನು ವಾಪಸ್ ತರುವ ಕೆಲಸ, ಮತ್ತು ಮಲೆನಾಡಿನ ಮಳೆಗೆ ತಡೆಯುವ ಸೈಲೆನ್ಸರ್ ಕೂರಿಸುವ ಕೆಲಸ.

ಎಂಜಿನ್ ಉಸಿರು ನೋಡುವುದು

796 ಸಿಸಿ, ಮೂರು ಸಿಲಿಂಡರ್. ಒಂದು ಸಿಲಿಂಡರ್ ಸೋತರೆ ಮೂರನೇ ಒಂದು ಭಾಗ ಕೆಲಸ ಹೋದಂತೆ. ಎಂಜಿನ್ ಬಿಸಿಯಾದ ಮೇಲೆ ಮೂರೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ಮೂರರ ಅಳತೆಯಲ್ಲಿ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಳತೆ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಇದನ್ನು ಸರಿಮಾಡದೆ ಸೈಲೆನ್ಸರಿಗೆ ಹಣ ಹಾಕುವುದು ಶುದ್ಧ ದಂಡ. ಟ್ಯಾಪೆಟ್ ಗ್ಯಾಪ್, ಪ್ಲಗ್ ಗ್ಯಾಪ್, ಟೈಮಿಂಗ್ ಇದೇ ದಿನ ಮುಗಿಸಿ.

ಏರ್ ಫಿಲ್ಟರ್ ಬಗ್ಗೆ ಒಂದೇ ಮಾತು: ಬಾನೆಟ್ ಒಳಗೆ ಬರಿಮೈಯಲ್ಲಿ ಕೂರುವ ಕೋನ್ ಫಿಲ್ಟರ್ ಬೇಡ. ಅದು ಎಂಜಿನ್‌ನ ಬಿಸಿಗಾಳಿಯನ್ನೇ ಎಳೆಯುತ್ತದೆ, ಬೇಸಿಗೆಯಲ್ಲಿ ಕೆಂಪು ಧೂಳನ್ನೂ ಒಳಗೆಳೆಯುತ್ತದೆ. ಮೂಲ ಡಬ್ಬಿ, ಒಳ್ಳೆಯ ಕಾಗದದ ಫಿಲ್ಟರ್, ಹೊರಗಿನ ತಂಪು ಗಾಳಿ ತರುವ ಹೋಸ್ ಹರಿಯದೆ ಇದ್ದರೆ ಸಾಕು.

ಪೆಟ್ರೋಲ್ ಬದಲಾಗಿದೆ, ಕಾರ್ಬ್ಯುರೇಟರ್ ಬದಲಾಗಿಲ್ಲ

ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಮಾದರಿ ಇದ್ದವರು ಈ ಭಾಗದಲ್ಲಿ ಟ್ಯಾಂಕ್, ಪೆಟ್ರೋಲ್ ಪೈಪಿನ ಮಾತಷ್ಟನ್ನೇ ಓದಿಕೊಂಡು ಮುಂದೆ ಹೋಗಬಹುದು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಉರಿಯಲು ಬೇಕಾಗುವ ಗಾಳಿ ಪೆಟ್ರೋಲಿಗಿಂತ ಕಡಿಮೆ, ಶಕ್ತಿಯೂ ಸುಮಾರು ಮೂರನೇ ಒಂದು ಪಾಲು ಕಡಿಮೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್‌ಗಳಿಗೆ ಈ ಲೆಕ್ಕ ಗೊತ್ತಿಲ್ಲ. ಅದರಿಂದ ಮಿಶ್ರಣ ತೆಳುವಾಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಏರಿನಲ್ಲಿ ಕಾರು ಜಗ್ಗುತ್ತದೆ, ಎಂಜಿನ್ ಬೇಗ ಬಿಸಿಯಾಗುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ. ಜುಲೈ ತಿಂಗಳಲ್ಲಿ ಅರ್ಧ ಖಾಲಿ ಟ್ಯಾಂಕಿನ ಕಾರನ್ನು ವಾರಗಟ್ಟಲೆ ನಿಲ್ಲಿಸಿದರೆ ನೀರು ತಳಕ್ಕೆ ಇಳಿದು ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಡಿ, ಇಲ್ಲವೇ ಕಾರು ಓಡಿಸುತ್ತಿರಿ.

ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಪೈಪಿಗೆ ಬದಲಿಸಿ. ಬೆರಳಲ್ಲಿ ಒತ್ತಿದಾಗ ಬಿರುಕು ಕಂಡ ಪೈಪನ್ನು ಇನ್ನೊಂದು ದಿನವೂ ಇಡಬೇಡಿ, ಬೆಂಕಿಯ ಮಾತು ಅದು. ಕಾರ್ಬ್ಯುರೇಟರ್‌ನ ಡಯಾಫ್ರಾಂ, ಗ್ಯಾಸ್ಕೆಟ್ ಕಿಟ್ ಹೊಸತು ಹಾಕಿ. ಜೆಟ್‌ನ ತೂತಿಗೆ ತಂತಿ ಚುಚ್ಚುವವರ ಕೈಗೆ ಕಾರ್ಬ್ಯುರೇಟರ್ ಕೊಡಲೇಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ಒಮ್ಮೆ ತೂತು ಹಿಗ್ಗಿದರೆ ಮತ್ತೆ ಯಾವ ಟ್ಯೂನಿಂಗಿಗೂ ಬಗ್ಗುವುದಿಲ್ಲ. ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ಇಷ್ಟಾದ ಮೇಲೂ ಪ್ಲಗ್ ತುದಿ ಬೆಳ್ಳಗೆ ಬರುತ್ತಿದ್ದರೆ ಮೇನ್ ಜೆಟ್ ಒಂದು ನಂಬರ್ ಮೇಲಿನದು ಹಾಕಿ. ತಿಳಿ ಕಂದು ಬಣ್ಣ ಬಂದರೆ ಅಲ್ಲಿಗೆ ಬಿಡಿ.

ತುಕ್ಕು ಹಿಡಿದ ನಟ್ ಬಿಚ್ಚುವುದು: ಇಲ್ಲೇ ಎಲ್ಲರೂ ಸೋಲುವುದು

ಮೂರೂ ಸಿಲಿಂಡರಿನ ಹೊಗೆಯನ್ನು ಪೈಪಿಗೆ ಸೇರಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೀಡು ಕಬ್ಬಿಣ, ಅದನ್ನು ಹಿಡಿದಿರುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಉಕ್ಕು, ಅದು ಕೂತಿರುವ ಸಿಲಿಂಡರ್ ಹೆಡ್ ಅಲ್ಯುಮಿನಿಯಂ. ಮೂರು ಲೋಹ, ವರ್ಷಗಟ್ಟಲೆ ಬಿಸಿ, ಮೇಲಿಂದ ಮಲೆನಾಡಿನ ತೇವ. ನಟ್ ಮತ್ತು ಸ್ಟಡ್ ಒಂದೇ ಲೋಹವಾದಂತೆ ಕಚ್ಚಿಕೊಂಡಿರುತ್ತವೆ. ಉದ್ದನೆಯ ಪೈಪನ್ನು ಸ್ಪ್ಯಾನರಿಗೆ ಸಿಕ್ಕಿಸಿ ಒಂದೇ ಏಟಿಗೆ ಎಳೆದರೆ 'ಟಕ್' ಎಂದು ಸ್ಟಡ್ ಹೆಡ್ಡಿನೊಳಗೇ ಮುರಿಯುತ್ತದೆ. ಆಮೇಲೆ ಹೆಡ್ ಇಳಿಸಬೇಕು, ಡ್ರಿಲ್ ಹೊಡೆಸಬೇಕು, ಹೊಸ ಥ್ರೆಡ್ ಕೂರಿಸಬೇಕು. ಒಂದು ಗ್ಯಾಸ್ಕೆಟ್‌ನ ಕೆಲಸ ಎಂಜಿನ್ ಕೆಲಸವಾಗುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಹೀಗೆ ಮುರಿದ ಸ್ಟಡ್ ಹೊತ್ತು ಬಂದವರನ್ನು ಸಾಕಷ್ಟು ನೋಡಿದ್ದೇನೆ. ಎಲ್ಲರದೂ ಒಂದೇ ಕಾರಣ, ಆತುರ.

ಹಿಂದಿನ ದಿನವೇ ಕೆಲಸ ಶುರು ಮಾಡಿ. ತಂತಿ ಬ್ರಷ್‌ನಿಂದ ಸ್ಟಡ್‌ನ ಹೊರಗೆ ಕಾಣುವ ಥ್ರೆಡ್ಡಿನ ತುಕ್ಕನ್ನು ಉಜ್ಜಿ ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ನಟ್ ದಾಟಬೇಕಾದ ದಾರಿಯೇ ಅದು. ತಣ್ಣಗಿನ ಎಂಜಿನ್ ಮೇಲೆ ಪ್ರತಿ ನಟ್‌ನ ಬುಡಕ್ಕೂ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಬೆಳಗ್ಗೆ ಇನ್ನೊಮ್ಮೆ. ಅಂಗಡಿಯಲ್ಲಿ ತುಕ್ಕಿಗೆಂದು ಕೊಡುವ ಮಾಮೂಲಿ ಸ್ಪ್ರೇಗಳು ನೀರು ಓಡಿಸಲು ಒಳ್ಳೆಯವು, ಇಷ್ಟು ಕಚ್ಚಿದ ನಟ್‌ಗೆ ಸಾಲವು. ನಟ್ ಬಿಡಿಸಲೆಂದೇ ಮಾಡಿದ ಆಯಿಲ್ ಕೇಳಿ ತನ್ನಿ. ಡೀಸೆಲ್ ಸುರಿಯುವ ರೂಢಿ ನಮ್ಮಲ್ಲಿದೆ, ಬಿಸಿ ಮ್ಯಾನಿಫೋಲ್ಡ್ ಮೇಲೆ ಅದು ಹೊಗೆಯಾಡುತ್ತದೆ, ಬೇಡ.

ಬೆಳಗ್ಗೆ ಎಂಜಿನ್ ಎರಡು ನಿಮಿಷ ಓಡಿಸಿ ಆಫ್ ಮಾಡಿ. ಮ್ಯಾನಿಫೋಲ್ಡ್ ಉಗುರುಬೆಚ್ಚಗಾದರೆ ಸಾಕು. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಮಾತ್ರ ಬಳಸಿ. ಹನ್ನೆರಡು ಮೂಲೆಯದು ಅಥವಾ ಸವೆದ ಓಪನ್ ಸ್ಪ್ಯಾನರ್ ನಟ್‌ನ ಅಂಚನ್ನು ಉರುಟು ಮಾಡಿಬಿಡುತ್ತದೆ. ತುಕ್ಕಿನಿಂದ ನಟ್ ಸವೆದಿದ್ದರೆ ಒಂದು ಅಳತೆ ಚಿಕ್ಕ ಬಾಕ್ಸನ್ನು ಮೆಲ್ಲಗೆ ಬಡಿದು ಕೂರಿಸಿ. ಈಗ ಮೊದಲು ಬಿಗಿಮಾಡುವ ಕಡೆಗೆ ತುಸು ಒತ್ತಿ. ಕಿರ್ರ್ ಎಂಬ ಸಣ್ಣ ಸದ್ದು ಬಂದರೆ ತುಕ್ಕು ಒಡೆದಿದೆ ಎಂದು ಅರ್ಥ. ಆಗ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ ಅಷ್ಟೇ, ಆಯಿಲ್ ಎರಡು ಹನಿ, ಮತ್ತೆ ಅರ್ಧ ಸುತ್ತು. ಕೈಗೆ ರಬ್ಬರ್ ಎಳೆದಂತೆ ಹಿಗ್ಗುವ ಅನುಭವವಾದರೆ ಅಲ್ಲೇ ನಿಲ್ಲಿಸಿ. ನಟ್ ತಿರುಗುತ್ತಿಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ. ಅಂಥ ನಟ್‌ಗೆ ಗ್ಯಾಸ್ ಟಾರ್ಚ್ ಬೇಕು. ಕಾಯಿಸಬೇಕಾದ್ದು ನಟ್ ಮಾತ್ರ, ಸ್ಟಡ್ ಅಲ್ಲ. ನೆನಪಿಡಿ, ಆಯಿಲ್ ಪೂರ್ತಿ ಒರೆಸಿ, ಪೆಟ್ರೋಲ್ ಪೈಪ್ ದೂರ ಸರಿಸಿ, ಬ್ಯಾಟರಿ ಕಳಚಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಮಾಡುವ ಕೆಲಸ ಇದು. ಅನುಭವ ಇಲ್ಲದಿದ್ದರೆ ಇದೊಂದನ್ನು ಮೆಕ್ಯಾನಿಕ್‌ಗೆ ಬಿಡಿ.

ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಫ್ರಂಟ್ ಪೈಪಿನ ಜೋಡಣೆಯ ಫ್ಲಾಂಜ್ ಬೋಲ್ಟುಗಳಿಗೆ ಇಷ್ಟು ಮರ್ಯಾದೆ ಬೇಕಿಲ್ಲ. ಅವು ಮುರಿದರೆ ಹೊಸತು ಹಾಕಬಹುದು, ಬರದಿದ್ದರೆ ಕತ್ತರಿಸಿ.

ಮ್ಯಾನಿಫೋಲ್ಡ್ ಕೈಗೆ ಬಂದ ಮೇಲೆ ಅದರ ಮುಖದ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಿರಿ. ಮೂರು ಬಾಯಿಗಳ ನಡುವೆ ಎಲ್ಲಾದರೂ ಬೆಳಕು ನುಸುಳಿದರೆ ಮ್ಯಾನಿಫೋಲ್ಡ್ ಸೊಟ್ಟಗಾಗಿದೆ, ಲೇತ್ ಅಂಗಡಿಯಲ್ಲಿ ಮುಖ ಹೊಡೆಸಿ. ಸೊಟ್ಟ ಮುಖಕ್ಕೆ ಎರಡು ಗ್ಯಾಸ್ಕೆಟ್ ಹಾಕುವುದು, ಕೆಂಪು ಸಿಲಿಕಾನ್ ಪೇಸ್ಟ್ ಬಳಿಯುವುದು ಎರಡೂ ವಾರದ ಮಾತು. ಎಕ್ಸಾಸ್ಟ್ ಬಾಯಿಯ ಬಿಸಿಗೆ ಸಿಲಿಕಾನ್ ಬೂದಿಯಾಗುತ್ತದೆ. ಹೊಸ ಗ್ಯಾಸ್ಕೆಟ್, ಹೊಸ ನಟ್, ಥ್ರೆಡ್‌ಗೆ ಮತ್ತೆ ಕಚ್ಚದಂತೆ ತಡೆಯುವ ತಾಮ್ರದ ಆಂಟಿ-ಸೀಜ್ ಪೇಸ್ಟ್ ಒಂದು ಚೂರು. ನಡುವಿನ ನಟ್‌ನಿಂದ ಶುರುಮಾಡಿ ಎರಡೂ ಬದಿಗೆ, ಮೂರು ಸುತ್ತಿನಲ್ಲಿ ಬಿಗಿಮಾಡಿ. 8 ಎಂಎಂ ಸ್ಟಡ್‌ಗೆ 20 ನ್ಯೂಟನ್-ಮೀಟರ್ ಆಸುಪಾಸು ಸಾಕು. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ.

ಪೈಪ್ ಎಷ್ಟು ದಪ್ಪ?

'ದಪ್ಪ ಪೈಪ್ ಹಾಕಿದ್ರೆ ಎಂಜಿನ್ ಫ್ರೀ ಆಗುತ್ರೀ' ಎನ್ನುವುದು ವೆಲ್ಡಿಂಗ್ ಶಾಪಿನ ಮಾತು. ತೋಟದ ಸ್ಪ್ರಿಂಕ್ಲರಿಗೆ ಬೇಕಾದ್ದಕ್ಕಿಂತ ದೊಡ್ಡ ನಾಝಲ್ ಹಾಕಿದರೆ ನೀರು ಬುಡದಲ್ಲೇ ಬೀಳುವ ಹಾಗೆ, ಪೈಪ್ ಅತಿ ದಪ್ಪವಾದರೆ ಹೊಗೆಯ ವೇಗ ಸಾಯುತ್ತದೆ. ವೇಗವಾಗಿ ಹೊರಹೋಗುವ ಹೊಗೆ ತನ್ನ ಹಿಂದೆ ಸಿಲಿಂಡರಿನಲ್ಲಿ ಉಳಿದದ್ದನ್ನೂ ಎಳೆದುಕೊಂಡು ಹೋಗುತ್ತದೆ, ಹೊಸ ಮಿಶ್ರಣಕ್ಕೆ ಜಾಗವಾಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಈ ಎಳೆತವೇ ಕಸುವು. ಘಟ್ಟದ ತಿರುವಿನಲ್ಲಿ ನಮಗೆ ಬೇಕಿರುವುದೂ ಅದೇ. ಸುಮಾರು 37 ಅಶ್ವಶಕ್ತಿಯ ಈ ಎಂಜಿನ್‌ಗೆ ಎರಡು ಇಂಚಿನ ಪೈಪ್ ಹಾಕುವುದು ಕಾರನ್ನು ಕೊಂದಂತೆ. ಮೂಲ ಪೈಪನ್ನು ವರ್ನಿಯರ್‌ನಲ್ಲಿ ಅಳೆದು ಅದೇ ಅಳತೆ ಹಾಕಿ. ಬಳಸುವ ತಿರುವುಗಳು ಚಪ್ಪಟೆಯಾಗದೆ, ನಯವಾಗಿ ಬಗ್ಗಿರಲಿ. ಮರಳು ತುಂಬಿಸಿಯೋ ಮ್ಯಾಂಡ್ರೆಲ್ (ಪೈಪಿನೊಳಗೆ ತೂರಿಸುವ ಆಧಾರದ ಸಲಾಕೆ) ಮೇಲೋ ಬಗ್ಗಿಸಿದ ಪೈಪ್ ಕೇಳಿ. ನಿಜವಾದ ಲಾಭ ಅಲ್ಲಿದೆ.

ಲೋಹದ ವಿಷಯಕ್ಕೆ ಬಂದರೆ ನನ್ನ ಮಾತು ಖಡಾಖಂಡಿತ: ಮಲೆನಾಡಿನಲ್ಲಿ ಸ್ಟೇನ್‌ಲೆಸ್ ಮಾತ್ರ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಮನೆಯಿಂದ ಹಾಲಿನ ಡೇರಿಗೆ, ಸೊಸೈಟಿಗೆ ಹೋಗಿಬರುವ ಸಣ್ಣ ಓಡಾಟದಲ್ಲಿ ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ. ಆ ನೀರು ಒಳಗೇ ನಿಂತು ಆಮ್ಲವಾಗಿ ತಿನ್ನುತ್ತದೆ. ಹೊರಗೆ ಹೊಸ ಬಣ್ಣ ಹೊಳೆಯುವ ಅಗ್ಗದ ಸೈಲೆನ್ಸರ್ ಒಳಗಿನಿಂದ ಕೊಳೆತಿರುವುದು ಇದಕ್ಕೇ. ಅಂಗಡಿಗೆ ಚಿಕ್ಕ ಅಯಸ್ಕಾಂತ ತೆಗೆದುಕೊಂಡು ಹೋಗಿ. 304 ದರ್ಜೆಯ ಸ್ಟೇನ್‌ಲೆಸ್‌ಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. 409ಕ್ಕೆ ಹಿಡಿಯುತ್ತದೆ, ಕಾರು ಕಂಪನಿಗಳು ಹೆಚ್ಚಾಗಿ ಬಳಸುವ ದರ್ಜೆ ಅದು, ಅದೂ ಒಳ್ಳೆಯದೇ. ಆದರೆ 304 ಎಂದು ದುಡ್ಡು ಕೇಳಿ ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಎದ್ದು ಬನ್ನಿ. ಬೆಸುಗೆ ಆರ್ಗಾನ್‌ನಲ್ಲೇ ಆಗಬೇಕು. ಮಾಮೂಲಿ ರಾಡಿನಲ್ಲಿ ಬೆಸೆದರೆ ಮೊದಲ ಮಳೆಗಾಲಕ್ಕೇ ಬೆಸುಗೆಯ ಗೆರೆ ತುಕ್ಕಾಗುತ್ತದೆ. ಮಫ್ಲರಿನ ತಳದಲ್ಲಿರುವ ಸಣ್ಣ ತೂತು ನೀರು ಬಸಿಯಲು ಇರುವುದು, ಅದನ್ನು ವೆಲ್ಡರ್ ಮುಚ್ಚದಂತೆ ಎದುರಿಗೇ ನಿಂತು ನೋಡಿ. ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತುವ ಫ್ಯಾಷನ್ ಹುಲಿಕಲ್, ಮಾಸ್ತಿಕಟ್ಟೆಯ ಮಳೆಗೆ ಆಗದು. ಒದ್ದೆ ಪಟ್ಟಿ ಒಣಗುವುದೇ ಇಲ್ಲ.

ತೂಗುಹಾಕುವುದು ಸುಲಭ: ಎಲ್ಲ ರಬ್ಬರ್ ಹ್ಯಾಂಗರ್ ಹೊಸದು, ಬಾಲದ ಕಡೆ ತುಸು ಇಳಿಜಾರು, ಕೈಯಲ್ಲಿ ಅಲ್ಲಾಡಿಸಿದರೆ ಕಾರಿನ ತಳಕ್ಕೆ ಎಲ್ಲೂ ತಾಗಬಾರದು.

ಸೋರಿಕೆ ಪರೀಕ್ಷೆ ಬಿಟ್ಟರೆ ಜೀವಕ್ಕೆ ಸಂಚಕಾರ

ಮಳೆಯಲ್ಲಿ ನಾವು ಗಾಜು ಏರಿಸಿಕೊಂಡು ಓಡಿಸುತ್ತೇವೆ. ಫ್ರಂಟ್ ಪೈಪ್ ಬಳಿ ಸೋರಿದ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಹಿಂದೆ ಕೂತ ಮಕ್ಕಳಿಗೆ ತಲೆನೋವು, ವಾಕರಿಕೆ ಬಂದರೆ ಘಾಟಿಯ ತಿರುವಿನಿಂದ ಎಂದುಕೊಳ್ಳುತ್ತೇವೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಬಾಲದ ಬಾಯಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಲಿ, ಇನ್ನೊಬ್ಬರು ಪ್ರತಿ ಜೋಡಣೆಗೂ ಸೋಪಿನ ನೀರು ಹಾಕಲಿ. ಗುಳ್ಳೆ ಎದ್ದ ಕಡೆ ಸೋರಿಕೆ. ಬಯಲಿನಲ್ಲೇ ಮಾಡಿ, ಶೆಡ್ಡಿನ ಒಳಗೆ ಬೇಡ. ಆಕ್ಸಿಜನ್ ಸೆನ್ಸರ್ ಇರುವ ಎಂಪಿಎಫ್‌ಐ ಕಾರಿನಲ್ಲಿ ಎಂಜಿನ್ ಮತ್ತು ಸೆನ್ಸರ್ ನಡುವಿನ ಸಣ್ಣ ಸೋರಿಕೆಯೂ ಲೆಕ್ಕ ಕೆಡಿಸುತ್ತದೆ. ಒಳಗೆ ಬಂದ ಹೊರಗಾಳಿಯನ್ನು ಕಂಡು ಮಿಶ್ರಣ ತೆಳುವಿದೆ ಎಂದುಕೊಂಡು ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ.

ಕೊನೆಯದು ಟ್ಯೂನಿಂಗ್. ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಂ ಗೇಜ್ ಹಾಕಿ, ಐಡ್ಲಿಂಗ್‌ನಲ್ಲಿ ಮುಳ್ಳು ಅತಿ ಎತ್ತರಕ್ಕೆ ಏರಿ ಅಲುಗಾಡದೆ ನಿಲ್ಲುವ ಕಡೆ ಮಿಕ್ಸ್‌ಚರ್ ಸ್ಕ್ರೂ ಬಿಡಿ. ಪುಸ್ತಕದ ಅಳತೆ ಸಮುದ್ರಮಟ್ಟದ್ದು, ಪ್ರತಿ 300 ಮೀಟರಿಗೆ ಸುಮಾರು ಒಂದು ಇಂಚು (ಪಾದರಸದ ಲೆಕ್ಕ) ಕಡಿಮೆಯಾಗುತ್ತದೆ. ಶಿವಮೊಗ್ಗದ ಎತ್ತರಕ್ಕೆ ಎರಡು ಇಂಚು ಕಡಿಮೆ ಬಂದರೆ ಗಾಬರಿ ಬೇಡ. ನೇರ ಎಮಿಷನ್ ಟೆಸ್ಟ್‌ಗೆ ಹೋಗಿ, ಸರ್ಟಿಫಿಕೇಟ್ ಜೊತೆ ಅಂಕಿಯನ್ನೂ ಓದಿ. ಭಾರತ್ ಸ್ಟೇಜ್ ಹೊಗೆ ನಿಯಮದ ಬಿಎಸ್-2ಕ್ಕಿಂತ ಹಿಂದಿನ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3, ಬಿಎಸ್-2 ಮತ್ತು 3ಕ್ಕೆ ಶೇ 0.5. ಒಂದು ವಾರ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಬೆಳಗ್ಗೆ ಮ್ಯಾನಿಫೋಲ್ಡ್ ನಟ್‌ಗಳನ್ನು ಅದೇ ಕ್ರಮದಲ್ಲಿ ಮತ್ತೊಮ್ಮೆ ಬಿಗಿಮಾಡಿ. ಹೊಸ ಗ್ಯಾಸ್ಕೆಟ್ ಬಿಸಿಗೆ ತುಸು ಕುಗ್ಗಿರುತ್ತದೆ, ಒಂದೆರಡು ನಟ್ ಕಾಲು ಸುತ್ತು ತಿರುಗೇ ತಿರುಗುತ್ತವೆ.